ಗಿರಣಿ, ತೋಳ, ಹೊಸಹಳ್ಳಿ: ಪೋಲೆಂಡಿನ ಊರ ಹೆಸರು ಮತ್ತು ಮಣೆಯಾಟಗಳ ಬಗ್ಗೆ ಓದುಗರ ಪ್ರಶ್ನೆಗಳು

ಪೋಲೆಂಡಿನ ಹಳ್ಳಿಗಳ ಹೆಸರಿನ ಬಗ್ಗೆ, ಅಲ್ಲಿ ಇಬ್ಬರು ಕೂತು ಆಡುವ ಹಳೆಯ ಆಟಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಎರಡಕ್ಕೂ ನಂಟಿದೆ ಎಂಬುದು ಮೊದಲ ಪತ್ರದಲ್ಲೇ ಗೊತ್ತಾಗುತ್ತದೆ.

ಪ್ರ: ‘ಮ್ವಿನೆಕ್’ ಎಂದು ಹುಡುಕಿದರೆ ಒಂದು ಕಡೆ ಪೋಲೆಂಡಿನ ಹಳ್ಳಿ ಸಿಗುತ್ತದೆ, ಇನ್ನೊಂದು ಕಡೆ ನಮ್ಮ ಸಾಲುಮನೆಯಂಥದೇ ಆಟ. ಆಟ ಹುಟ್ಟಿದ್ದು ಆ ಹಳ್ಳಿಯಲ್ಲೇ? — ಓದುಗರು, ಹಾಸನ

ಉ: ಅಲ್ಲ. ಎರಡೂ ಒಂದೇ ಮಾತಿನ ಮಕ್ಕಳು. ಪೋಲಿಷ್‌ನಲ್ಲಿ ‘ಮ್ವಿನ್’ ಅಂದರೆ ಹಿಟ್ಟಿನ ಗಿರಣಿ, ‘ಮ್ವಿನೆಕ್’ ಅಂದರೆ ಪುಟ್ಟ ಗಿರಣಿ. ಕಾಫಿಬೀಜ ಪುಡಿ ಮಾಡುವ ಕೈಯಂತ್ರಕ್ಕೂ ಇದೇ ಹೆಸರು. ಹಳ್ಳದ ನೀರಿನಿಂದ ತಿರುಗುವ ಗಿರಣಿ ಇದ್ದ ಜಾಗದಲ್ಲಿ ಬೆಳೆದ ಊರುಗಳಿಗೆ ಮ್ವಿನೆಕ್, ಮ್ವಿನ್ಕಿ, ಮ್ವಿನಿ ಎಂದು ಹೆಸರು ಬಂತು. ‘ಮ್ವಿನಾಝೆ’ ಎಂಬ ಊರೂ ಇದೆ, ‘ಗಿರಣಿಯವರು’ ಎಂದು ಅರ್ಥ.

ಆಟಕ್ಕೆ ಆ ಹೆಸರು ಬಂದದ್ದು ಬೇರೆ ದಾರಿಯಲ್ಲಿ. ಮೂರು ಕಾಯಿ ಒಂದು ಗೆರೆಯಲ್ಲಿ ಕೂತರೆ ಅದೊಂದು ಗಿರಣಿ. ನಡುವಿನ ಕಾಯನ್ನು ಆಚೆ ಸರಿಸಿ ಮತ್ತೆ ಒಳಗೆ ತಂದರೆ ಎದುರಾಳಿಯ ಇನ್ನೊಂದು ಕಾಯಿ ಹೋಗುತ್ತದೆ, ಬೀಸುಕಲ್ಲಿನ ಬಾಯಿಗೆ ಕಾಳು ಬಿದ್ದ ಹಾಗೆ. ಜರ್ಮನ್ನರೂ ಈ ಆಟಕ್ಕೆ ‘ಗಿರಣಿ’ ಎಂದೇ ಹೇಳುತ್ತಾರೆ. ಆಟ ಪೋಲೆಂಡಿಗೆ ಮಾತ್ರ ಸೇರಿದ್ದೂ ಅಲ್ಲ. ಅದೇ ಮೂರು ಚೌಕದ ಚಿತ್ರ ನಮ್ಮ ಹಳೆಯ ದೇವಸ್ಥಾನಗಳ ಜಗಲಿಕಲ್ಲಿನ ಮೇಲೂ ಕೊರೆದಿದೆ.

ಪ್ರ: ಮ್ವಿನೆಕ್ ಮಣೆಯನ್ನು ಮನೆಯಲ್ಲೇ ಬರೆದುಕೊಳ್ಳಬೇಕು. ಅಳತೆ, ನಿಯಮ ತಿಳಿಸಿ. ನಾವು ಆಡುವಾಗ ಪ್ರತಿಸಲ ಜಗಳವಾಗುತ್ತದೆ. — ಓದುಗರು, ತೀರ್ಥಹಳ್ಳಿ

ಉ: ಎ4 ಕಾಗದ ಸಾಕು. ಒಂದರೊಳಗೊಂದು ಮೂರು ಚೌಕ ಬರೆಯಿರಿ: ಹೊರಗಿನದು 18 ಸೆಂ.ಮೀ., ನಡುವಿನದು 12, ಒಳಗಿನದು 6. ಹೀಗೆ ಬರೆದರೆ ಎಲ್ಲ ಕಡೆ 3 ಸೆಂ.ಮೀ. ಅಂತರ ಉಳಿಯುತ್ತದೆ, ಒಂದು ರೂಪಾಯಿ ನಾಣ್ಯ ಒಂದಕ್ಕೊಂದು ತಾಗದೆ ಕೂರುತ್ತದೆ. ಈಗ ಪ್ರತಿ ಬದಿಯ ನಡುಬಿಂದುವನ್ನು ಹೊರಚೌಕದಿಂದ ಒಳಚೌಕದವರೆಗೆ ಗೆರೆ ಎಳೆದು ಸೇರಿಸಿ. ಗೆರೆ ಒಳಚೌಕ ಮುಟ್ಟಿದಲ್ಲೇ ನಿಲ್ಲಬೇಕು. ಅದನ್ನು ದಾಟಿಸಿ ಮಧ್ಯದಲ್ಲಿ ಕೂಡಿಸುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಸರಿಯಾಗಿ ಬಂದಿದ್ದರೆ 24 ಬಿಂದುಗಳಿರುತ್ತವೆ, ಗಿರಣಿ ಕಟ್ಟಬಹುದಾದ ಗೆರೆಗಳು 16 ಇರುತ್ತವೆ. ಎಣಿಸಿ ನೋಡಿ.

ಎರಡನೇ ತಪ್ಪು, ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆಯುವುದು. ಅದು ತಲಾ 12 ಕಾಯಿಯ ಬೇರೆ ಆಟ. ಅಲ್ಲಿ 24 ಕಾಯಿ ಇಟ್ಟು ಮುಗಿಯುವಷ್ಟರಲ್ಲಿ ಮಣೆ ತುಂಬಿಹೋಗಿ ನಡೆಯೇ ಇಲ್ಲದಂತಾಗುವ ಸಂಭವ ಹೆಚ್ಚು. ಮ್ವಿನೆಕ್‌ಗೆ ತಲಾ 9 ಕಾಯಿ, ಒಟ್ಟು 18.

ಮೊದಲು ಸರದಿಯಂತೆ ಒಂದೊಂದು ಕಾಯಿಯನ್ನು ಖಾಲಿ ಬಿಂದುವಿನಲ್ಲಿ ಇಡುತ್ತಾ ಹೋಗುವುದು. ಇಡುವಾಗಲೇ ಗಿರಣಿಯಾದರೂ ಅದು ಲೆಕ್ಕಕ್ಕಿದೆ, ಎದುರಾಳಿಯ ಒಂದು ಕಾಯಿ ತೆಗೆಯಬಹುದು. ಎಲ್ಲ ಕಾಯಿ ಇಟ್ಟಾದ ಮೇಲೆ ಗೆರೆಯುದ್ದಕ್ಕೆ ಪಕ್ಕದ ಖಾಲಿ ಬಿಂದುವಿಗೆ ಒಂದೊಂದು ಹೆಜ್ಜೆ. ಒಬ್ಬರ ಬಳಿ ಮೂರೇ ಕಾಯಿ ಉಳಿದರೆ ಅವರು ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದು. ಎರಡಕ್ಕಿಳಿದವರು ಸೋತರು. ಕಾಯಿ ಇದ್ದೂ ನಡೆ ಇಲ್ಲದವರೂ ಸೋತರು.

ಜಗಳವಾಗುವುದು ಸಾಮಾನ್ಯವಾಗಿ ಮೂರು ಕಡೆ. ಗಿರಣಿಯೊಳಗೆ ಕೂತ ಕಾಯನ್ನು ತೆಗೆಯುವಂತಿಲ್ಲ, ಎದುರಾಳಿಯ ಎಲ್ಲ ಕಾಯಿಯೂ ಗಿರಣಿಯಲ್ಲೇ ಇದ್ದರೆ ಮಾತ್ರ ತೆಗೆಯಬಹುದು. ಒಂದೇ ನಡೆಗೆ ಎರಡು ಗಿರಣಿ ಆದರೂ ಹೆಚ್ಚಿನವರು ತೆಗೆಯಲು ಬಿಡುವುದು ಒಂದೇ ಕಾಯಿ. ಅದೇ ಗಿರಣಿಯನ್ನು ತೆರೆದು ಮುಂದಿನ ಸರದಿಯಲ್ಲೇ ಮುಚ್ಚಬಹುದು, ಅದು ಮೋಸವಲ್ಲ, ಆಟದ ತಿರುಳೇ ಅದು. ಹಾರುವ ನಿಯಮ ಇದೆಯೋ ಇಲ್ಲವೋ ಎಂಬುದನ್ನು ಮೊದಲ ಕಾಯಿ ಇಡುವ ಮುಂಚೆಯೇ ಮಾತಾಡಿಕೊಳ್ಳಿ. ಸೋಲುತ್ತಿರುವವರಿಗೆ ಆಗಲೇ ನೆನಪಾಗುವ ನಿಯಮ ಅದು.

ಪ್ರ: ಮೊದಲು ಗಿರಣಿ ಕಟ್ಟುವುದು ನಾನೇ, ಕೊನೆಗೆ ಸೋಲುವುದೂ ನಾನೇ. ಏಕೆ? — ವಿದ್ಯಾರ್ಥಿ, ಮೈಸೂರು

ಉ: ಮೂಲೆಗಳ ಆಸೆಯಿಂದ. ಮಣೆಯ 24 ಬಿಂದುಗಳಲ್ಲಿ 12 ಮೂಲೆಗಳು, ಅಲ್ಲಿಂದ ಹೊರಡಲು ಎರಡೇ ದಾರಿ. ಹೊರಚೌಕ, ಒಳಚೌಕಗಳ ನಡುಬಿಂದುಗಳು 8, ಅವಕ್ಕೆ ಮೂರು ದಾರಿ. ನಡುಚೌಕದ ನಡುಬಿಂದುಗಳು ನಾಲ್ಕೇ, ಅವಕ್ಕೆ ನಾಲ್ಕು ದಾರಿ. ಇಡುವ ಹಂತದಲ್ಲಿ ಆ ನಾಲ್ಕರಲ್ಲಿ ಎರಡನ್ನಾದರೂ ಹಿಡಿಯಿರಿ. ಅವಸರದಲ್ಲಿ ಕಟ್ಟಿದ ಮೂಲೆಯ ಗಿರಣಿಯ ಬಾಯನ್ನು ಎದುರಾಳಿ ಮೂರು-ನಾಲ್ಕು ಕಾಯಿಂದ ಮುಚ್ಚಿಬಿಡುತ್ತಾರೆ, ಆಮೇಲೆ ಅದು ತಿರುಗದ ಗಿರಣಿ.

ಗೆಲ್ಲಿಸುವುದು ಜೋಡಿಗಿರಣಿ. ಮಣೆಯ ಮೇಲ್ಬದಿಯನ್ನು ನೋಡಿ. ಹೊರಚೌಕದ ಮೇಲಿನ ಎರಡು ಮೂಲೆಗಳಲ್ಲಿ ನಿಮ್ಮ ಕಾಯಿ, ನಡುಚೌಕದ ಮೇಲಿನ ಎರಡು ಮೂಲೆಗಳಲ್ಲೂ ನಿಮ್ಮ ಕಾಯಿ. ಐದನೆಯದು ಇವೆರಡರ ನಡುಬಿಂದುಗಳ ನಡುವೆ ಓಡಾಡುವ ಕಾಯಿ. ಅದು ಹೊರಗೆ ಹೋದರೆ ಹೊರಗಿರಣಿ, ಒಳಗೆ ಬಂದರೆ ನಡುಗಿರಣಿ. ಪ್ರತಿ ನಡೆಗೂ ಒಂದು ಕಾಯಿ ನಿಮ್ಮದು.

ಇದನ್ನು ಮುರಿಯುವುದು ಹೇಗೆಂದೂ ತಿಳಿದಿರಬೇಕು. ಓಡಾಡುವ ಕಾಯಿ ಒಳಗೆ ಬಂದಾಗ ಹೊರಗಿನ ನಡುಬಿಂದು ಖಾಲಿ ಆಗುತ್ತದೆ ನಿಜ, ಆದರೆ ಅದರ ಮೂರು ದಾರಿಯಲ್ಲೂ ನಿಮ್ಮ ಕಾಯಿಗಳೇ ಇವೆ, ಎದುರಾಳಿ ನಡೆದು ಬಂದು ಅಲ್ಲಿ ಕೂರಲಾರ. ಆ ಕಾಯಿ ಹೊರಗೆ ಹೋದಾಗ ಖಾಲಿಯಾಗುವ ಬಿಂದುವಿಗೆ ಮಾತ್ರ ಒಂದು ಬಾಗಿಲು ಉಂಟು, ಒಳಚೌಕದ ಮೇಲಿನ ನಡುಬಿಂದು. ಅಲ್ಲಿ ಒಂದು ಕಾಯಿ ಕಾವಲು ಕೂತಿದ್ದರೆ ಅದು ಮೇಲೇರಿ ಬಾಯಿ ಮುಚ್ಚುತ್ತದೆ. ಒಂಟಿ ಕಾವಲನ್ನು ಹೊರಗಿರಣಿ ಆದ ತಕ್ಷಣ ತೆಗೆದುಹಾಕಿಬಿಡಬಹುದು, ಆದ್ದರಿಂದ ಆ ಕಾವಲುಗಾರ ಒಳಚೌಕದ ಮೇಲ್ಬದಿಯ ಗಿರಣಿಯೊಳಗೇ ಇರಬೇಕು.

ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಈ ಆಟ ಸಮ. ಸ್ವಿಟ್ಜರ್ಲೆಂಡಿನ ರಾಲ್ಫ್ ಗ್ಯಾಸರ್ 1993ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಇದನ್ನು ತೋರಿಸಿದರು. ಮನುಷ್ಯರು ಆಡುವಾಗ ತಪ್ಪುಗಳಿಗೆ ಬರವಿಲ್ಲ, ಹಾಗಾಗಿ ಆಟದ ಸ್ವಾರಸ್ಯಕ್ಕೇನೂ ಕುಂದಿಲ್ಲ.

ಪ್ರ: ಪೋಲೆಂಡಿನ ನಕ್ಷೆಯಲ್ಲಿ ‘ನೊವಾ ವ್ಯೆಶ್’ ಹತ್ತಾರು ಕಡೆ ಕಾಣುತ್ತದೆ. ಮಗ ಕಳಿಸಿದ ವಿಳಾಸ ಯಾವುದೆಂದು ಪತ್ತೆಯಾಗುತ್ತಿಲ್ಲ. — ಓದುಗರು, ದಾವಣಗೆರೆ

ಉ: ‘ನೊವಾ’ ಹೊಸ, ‘ವ್ಯೆಶ್’ ಹಳ್ಳಿ. ಅಂದರೆ ಹೊಸಹಳ್ಳಿ. ನಮ್ಮಲ್ಲಿ ಹೊಸಹಳ್ಳಿಗಳು ಎಷ್ಟಿವೆಯೋ ಅಲ್ಲೂ ಹಾಗೆಯೇ. ಓಕ್ ಮರದ ತೋಪು ಎಂಬರ್ಥದ ‘ದೊಂಬ್ರೊವಾ’ ಕೂಡ ಹೆಜ್ಜೆಗೊಂದು ಸಿಗುತ್ತದೆ.

ಬರೀ ಹೆಸರಿನಿಂದ ಹುಡುಕಬೇಡಿ. ಹಳ್ಳಿಯ ಮೇಲೆ ‘ಗ್ಮಿನಾ’ (ನಮ್ಮ ಪಂಚಾಯಿತಿಯಂಥ ಘಟಕ), ಅದರ ಮೇಲೆ ‘ಪೊವ್ಯಾತ್’ (ಜಿಲ್ಲೆಯಂಥದು), ಅದರ ಮೇಲೆ ಪ್ರಾಂತ್ಯ. 1999ರಿಂದ ಪ್ರಾಂತ್ಯಗಳು 16. ಗ್ಮಿನಾ, ಪೊವ್ಯಾತ್ ಎರಡೂ ಗೊತ್ತಿದ್ದರೆ ಗೊಂದಲ ಉಳಿಯುವುದು ಅಪರೂಪ. ಅಂಚೆ ಸಂಖ್ಯೆ ಐದು ಅಂಕಿಯದು, ಎರಡು ಅಂಕಿಯಾದ ಮೇಲೆ ಒಂದು ಅಡ್ಡಗೆರೆ, ಆಮೇಲೆ ಮೂರು. ಸಣ್ಣ ಹಳ್ಳಿಗಳಲ್ಲಿ ಬೀದಿಗೆ ಹೆಸರಿರುವುದಿಲ್ಲ, ಊರ ಹೆಸರಿನ ಮುಂದೆಯೇ ಮನೆ ನಂಬರ್ ಬರೆಯುತ್ತಾರೆ. ಅಂಚೆ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಊರಿದ್ದರೆ ಅದು ಅಂಚೆ ಕಚೇರಿ ಇರುವ ಊರು. ಮನೆ ಇರುವುದು ಮೇಲಿನ ಸಾಲಿನ ಊರಿನಲ್ಲಿ.

ಇನ್ನೊಂದು ತೊಡಕು ವಿಭಕ್ತಿಯದು. ನಾವು ಹಾಸನಕ್ಕೆ, ಹಾಸನದಲ್ಲಿ ಎನ್ನುವಂತೆ ಅವರೂ ಹೆಸರಿನ ಬಾಲ ಬದಲಿಸುತ್ತಾರೆ. ‘ದೊ ಕ್ರಾಕೊವಾ’ ಎಂದರೆ ಕ್ರಾಕುಫ್‌ಗೆ, ‘ಫ್ ಕ್ರಾಕೊವ್ಯೆ’ ಎಂದರೆ ಕ್ರಾಕುಫ್‌ನಲ್ಲಿ. ಪತ್ರದಿಂದ ಎತ್ತಿಕೊಂಡ ರೂಪವನ್ನು ಹಾಗೆಯೇ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೊನೆಯಲ್ಲಿ ‘-ವಿತ್ಸಾಹ್’ ಎಂದು ಕಂಡರೆ ಅದನ್ನು ‘-ವಿತ್ಸೆ’ ಮಾಡಿ ಹುಡುಕಿ.

ಪ್ರ: ಊರ ಹೆಸರು ನೋಡಿದರೆ ಅರ್ಥ ಊಹಿಸುವಂತಾಗಬೇಕು. ಯಾವುದರಿಂದ ಶುರು ಮಾಡಲಿ? — ನಿವೃತ್ತ ಅಧ್ಯಾಪಕರು, ಧಾರವಾಡ

ಉ: ಕಸುಬಿನ ಊರುಗಳಿಂದ. ಅತ್ಯಂತ ರುಚಿಕಟ್ಟಾದ ಭಾಗ ಅದೇ. ಪಿಯಾಸ್ತ್ ಅರಸರ ಕಾಲದಲ್ಲಿ, ಸರಿಸುಮಾರು 10ರಿಂದ 13ನೇ ಶತಮಾನದವರೆಗೆ, ಅರಸನ ಕೋಟೆಯ ಸುತ್ತಲಿನ ಹಳ್ಳಿಗಳಿಗೆ ಒಂದೊಂದು ಊಳಿಗ ಹಚ್ಚಿದ್ದರು. ಆ ಏರ್ಪಾಡು ಅಳಿಯಿತು, ಹೆಸರು ಉಳಿಯಿತು. ಶೆಫ್ತ್ಸೆ ಎಂದರೆ ಚಮ್ಮಾರರು, ಕೊವಾಲೆ ಕಮ್ಮಾರರು, ಪ್ಯೆಕಾರಿ ರೊಟ್ಟಿ ಸುಡುವವರು, ಸೊಕೊಲ್ನಿಕಿ ಬೇಟೆಯ ಡೇಗೆ ಸಾಕುವವರು, ಸ್ಕೊತ್ನಿಕಿ ದನ ಕಾಯುವವರು, ಶ್ಚಿತ್ನಿಕಿ ಗುರಾಣಿ ಮಾಡುವವರು, ಬಾರ್ತೊಜೆಯೆ ಕಾಡಿನ ಮರದ ಪೊಟರೆಯಲ್ಲಿ ಜೇನು ಸಾಕುವವರು. ಝೆರ್ನಿಕಿ ನನಗೆ ಎಲ್ಲಕ್ಕಿಂತ ಇಷ್ಟ: ‘ಝಾರ್ನಾ’ ಎಂದರೆ ಬೀಸುಕಲ್ಲು, ಝೆರ್ನಿಕಿ ಬೀಸುಕಲ್ಲು ಮಾಡುವವರ ಊರು.

ಗಮನಿಸಿ, ಇವೆಲ್ಲ ಬಹುವಚನ. ಹೆಸರು ಜಾಗದ್ದಲ್ಲ, ಅಲ್ಲಿದ್ದ ಜನರದು. ‘-ವಿತ್ಸೆ’ ಕೂಡ ಹಾಗೆಯೇ. ಯಾನೊವಿತ್ಸೆ ಎಂದರೆ ಯಾನ್ ಎಂಬವನ ಕಡೆಯವರು. ಯಾನುಫ್, ಯಾನೊವೊ ಎಂದರೆ ಯಾನ್‌ನ ಊರು, ರಾಮನಹಳ್ಳಿ ಎಂದ ಹಾಗೆ.

ದಕ್ಷಿಣದ ಬೆಟ್ಟಸೀಮೆಯ ಒಫ್ಚಾರಿ (ಕುರುಬರು), ಪೊವ್ರೊಝ್ನಿಕ್ (ಹಗ್ಗ ಹೊಸೆಯುವವ) ಎಂಬ ಎರಡು ಹಳ್ಳಿಗಳ ಮರದ ಚರ್ಚುಗಳು 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

‘ವೊಲಾ’ ಎಂಬ ಹೆಸರು ಪದೇ ಪದೇ ಬರುತ್ತದೆ. ಸ್ವಾತಂತ್ರ್ಯ ಎಂದು ಅರ್ಥ, ಆದರೆ ರಾಜಕೀಯದ ಸ್ವಾತಂತ್ರ್ಯವಲ್ಲ. ಕಾಡು ಕಡಿದು ಹೊಸದಾಗಿ ನೆಲೆಸಿದ ರೈತರಿಗೆ ಮೊದಲ ಕೆಲವು ವರ್ಷ ಕಂದಾಯದ ವಿನಾಯಿತಿ ಕೊಡುತ್ತಿದ್ದರು, ಆ ಬಿಡುಗಡೆಯೇ ವೊಲಾ. ನೈಋತ್ಯದ ಸಿಲೇಶಿಯಾ ಸೀಮೆಯಲ್ಲಿ ಇದಕ್ಕೇ ಲಿಗೊತಾ ಎನ್ನುತ್ತಾರೆ.

ಸಂತೆಯ ವಾರದ ಹೆಸರನ್ನು ಬಿಡುವ ಹಾಗಿಲ್ಲ. ಶ್ರೊದಾ ಬುಧವಾರ, ಪ್ಯೊಂತೆಕ್ ಶುಕ್ರವಾರ, ಸೊಬೊತಾ ಶನಿವಾರ, ಮೂರೂ ಊರುಗಳೇ. ಕೊಡಗಿನ ಶನಿವಾರಸಂತೆಯನ್ನು ಬಲ್ಲವರಿಗೆ ಸೊಬೊತಾ ಅಪರಿಚಿತವಾಗಲಾರದು. ನೊವಿ ತಾರ್ಗ್ ಎಂದರೆ ನೇರವಾಗಿ ‘ಹೊಸಸಂತೆ’.

ಎಚ್ಚರ ಬೇಕಾದದ್ದು ಪಶ್ಚಿಮ ಮತ್ತು ಉತ್ತರದಲ್ಲಿ. 1945ಕ್ಕೆ ಮುಂಚೆ ಜರ್ಮನಿಯಲ್ಲಿದ್ದ ಊರುಗಳಿಗೆ ಹೆಸರು ಗೊತ್ತುಪಡಿಸಲು 1946ರಲ್ಲಿ ಒಂದು ಸರ್ಕಾರಿ ಆಯೋಗವೇ ಕೂತಿತು. ರಾಸ್ಟೆನ್‌ಬುರ್ಗ್ ಆಗ ಕೆಂತ್ಶಿನ್ ಆಯಿತು, ಇತಿಹಾಸಕಾರ ವೊಯ್ಚೆಹ್ ಕೆಂತ್ಶಿನ್‌ಸ್ಕಿಯ ನೆನಪಿಗೆ. ಅಂಥ ಕಡೆ ಹೆಸರಿನಿಂದ ಮಧ್ಯಯುಗದ ಕಥೆ ಹೆಕ್ಕಲು ಹೋದರೆ ದಾರಿ ತಪ್ಪುತ್ತದೆ.

ಪ್ರ: ಪತ್ರಿಕೆಗಳಲ್ಲಿ ಒಂದೇ ಊರನ್ನು ನಾಲ್ಕು ಥರ ಬರೆಯುತ್ತಾರೆ. ಕನ್ನಡದಲ್ಲಿ ಸರಿಯಾಗಿ ಬರೆಯುವುದು ಹೇಗೆ? — ಓದುಗರು, ಬೆಂಗಳೂರು

ಉ: ಇಂಗ್ಲಿಷ್ ದಾರಿಯಿಂದ ಬರುವುದರಿಂದ ಈ ಗತಿ. ಪೋಲಿಷ್‌ನ ಟಿ, ಡಿ ಅಕ್ಷರಗಳು ಹಲ್ಲಿಗೆ ತಾಗುವ ಉಚ್ಚಾರದವು, ನಮ್ಮ ತ, ದ. ಸೊಬೊಟಾ ಅಲ್ಲ, ಸೊಬೊತಾ. ಇಂಗ್ಲಿಷಿನವರಿಗೆ ಕಷ್ಟವಾದದ್ದು ನಮಗೆ ಸಲೀಸು. ಡಬ್ಲ್ಯು ಅಕ್ಷರ ‘ವ’, ಶಬ್ದದ ಕೊನೆಯಲ್ಲಿ ಬಂದರೆ ‘ಫ್’. ಅದಕ್ಕೇ ಕ್ರಾಕುಫ್. ಅಡ್ಡಗೆರೆ ಹೊಡೆದ ಎಲ್ ತುಟಿ ದುಂಡಗೆ ಮಾಡಿ ಹೇಳುವ ‘ವ’, ಅದನ್ನು ‘ಲ’ ಎಂದು ಬರೆಯುವುದು ತಪ್ಪು. ದೋಣಿ ಎಂಬರ್ಥದ ದೊಡ್ಡ ಊರೊಂದು ಕನ್ನಡದಲ್ಲಿ ‘ಲೋಡ್ಜ್’ ಆಗಿ ಅಚ್ಚಾಗುತ್ತಲೇ ಇದೆ, ಅಲ್ಲಿಯವರ ಬಾಯಲ್ಲಿ ಅದು ‘ವುಚ್’. ಸಿ ಒಂಟಿಯಾಗಿ ಬಂದರೆ ‘ತ್ಸ’. ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಎಂದುಕೊಂಡರೆ ಊರ ಹೆಸರುಗಳ ಮಟ್ಟಿಗೆ ಸಾಕು.

ಪ್ರ: ‘ತೋಳ ಮತ್ತು ಕುರಿ’ ಎಂಬ ಪೋಲಿಷ್ ಆಟ ನಮ್ಮ ಆಡು-ಹುಲಿಯೇ? ಕುರಿ ಹಿಡಿದವರು ನಮ್ಮ ಮನೆಯಲ್ಲಿ ಒಮ್ಮೆಯೂ ಗೆದ್ದಿಲ್ಲ. — ಓದುಗರು, ಸಾಗರ

ಉ: ಅಲ್ಲ. ನೀವು ಬಹುಶಃ ಅದನ್ನು ಆಡು-ಹುಲಿಯಂತೆ ಆಡುತ್ತಿದ್ದೀರಿ. ಪೋಲಿಷ್ ಆಟದಲ್ಲಿ ಹಾರುವುದೂ ಇಲ್ಲ, ಕೊಲ್ಲುವುದೂ ಇಲ್ಲ. ‘ವಿಲ್ಕ್ ಇ ಒಫ್ತ್ಸೆ’ಗೆ ಚೆಸ್ ಬೋರ್ಡು, ನಾಲ್ಕು ಕುರಿ, ಒಂದು ತೋಳ. ಕಪ್ಪು ಮನೆಗಳಲ್ಲಿ ಮಾತ್ರ ಆಟ. ಕುರಿಗಳು ನಿಮ್ಮ ಕಡೆಯ ಮೊದಲ ಸಾಲಿನ ನಾಲ್ಕು ಕಪ್ಪು ಮನೆಗಳಲ್ಲಿ, ತೋಳ ಎದುರು ಕೊನೆಯ ಸಾಲಿನ ಯಾವುದಾದರೂ ಕಪ್ಪು ಮನೆಯಲ್ಲಿ. ಕುರಿ ಓರೆಯಾಗಿ ಮುಂದಕ್ಕೆ ಮಾತ್ರ ಒಂದು ಮನೆ. ತೋಳ ಓರೆಯಾಗಿ ಮುಂದಕ್ಕೋ ಹಿಂದಕ್ಕೋ ಒಂದು ಮನೆ. ಕುರಿಗಳನ್ನು ದಾಟಿ ಅವು ಹೊರಟ ಸಾಲಿಗೆ ಮುಟ್ಟಿದರೆ ತೋಳಕ್ಕೆ ಗೆಲುವು, ನಡೆ ಇಲ್ಲದಂತೆ ಸಿಕ್ಕಿಬಿದ್ದರೆ ಕುರಿಗಳಿಗೆ. ಒಂದು ಕುರಿಗೆ ಏಳೇ ಹೆಜ್ಜೆ, ನಾಲ್ಕಕ್ಕೂ ಸೇರಿ 28, ಆದ್ದರಿಂದ ಆಟ ಎಳೆದಾಡುವುದಿಲ್ಲ.

ತಪ್ಪಿಲ್ಲದೆ ಆಡಿದರೆ ಗೆಲ್ಲುವುದು ಕುರಿಗಳೇ. ಬೋರ್ಡಿನ ಎಡ ಕೆಳಮೂಲೆ ಕಪ್ಪಾಗಿರಲಿ. ಆ ಮೂಲೆಯ ಕುರಿಗೆ ಮುಂದಕ್ಕೆ ಒಂದೇ ದಾರಿ, ಅದನ್ನು ಮೊದಲು ನಡೆಸಿ. ಆಮೇಲೆ ಅದರ ಪಕ್ಕದ್ದು, ಹೀಗೆ ಬಲಕ್ಕೆ. ನಾಲ್ಕೂ ಬಲಕ್ಕೇ ಓರೆಯಾಗಿ ಏರಲಿ. ಹೀಗೆ ಏರಿದರೆ ಯಾವ ಗಳಿಗೆಯಲ್ಲೂ ತೋಳ ನುಸುಳುವಷ್ಟು ಕಂಡಿ ಬೀಳುವುದಿಲ್ಲ, ಕುರಿ ಬಿಟ್ಟುಬಂದ ಮನೆಗೆ ಹೋಗುವ ದಾರಿಯನ್ನು ಆಗಲೇ ಇನ್ನೊಂದು ಕುರಿ ಮುಚ್ಚಿರುತ್ತದೆ. ಈಗ ಬಲ ಅಂಚಿಗೆ ತಾಗಿದ ಕುರಿಗೆ ಒಂದೇ ದಾರಿ. ಮುಂದಿನ ಸಾಲನ್ನು ಅಲ್ಲಿಂದ ಶುರು ಮಾಡಿ ಎಡಕ್ಕೆ ಬನ್ನಿ. ನೇಗಿಲು ಹೂಡಿದ ಎತ್ತು ಹೊಲದಲ್ಲಿ ಹೋಗಿ ತಿರುಗಿ ಬರುವ ಹಾಗೆ. ನಿಮ್ಮ ಮನೆಯವರು ನಡುವಿನ ಕುರಿಯನ್ನು ಮೊದಲು ಓಡಿಸುತ್ತಿರಬೇಕು, ಆಗ ಎರಡು ಹೆಜ್ಜೆಯಲ್ಲೇ ಬೇಲಿ ಹರಿಯುತ್ತದೆ.

ನಿಮಗೆ ಬೇಕಾದ ಮನೆಯಲ್ಲೇ ತೋಳ ಬಂದು ಕೂತರೆ ಕ್ರಮ ಕೆಡುತ್ತದೆ, ನಿಜವಾದ ಆಟ ಶುರುವಾಗುವುದೇ ಅಲ್ಲಿ. ಆಗ ತೋಳದ ಹತ್ತಿರದ ಕುರಿಗಳನ್ನು ಅಲುಗಿಸಬೇಡಿ. ಸಾಮಾನ್ಯವಾಗಿ ದೂರದ ಕುರಿಯ ಒಂದು ಹೆಜ್ಜೆ ಸಾಕು, ನಡೆಯಲೇಬೇಕಾದ ತೋಳ ಹಿಂದೆ ಸರಿಯುತ್ತದೆ.

ಊರ ಹೆಸರುಗಳಲ್ಲೂ ಈ ಇಬ್ಬರೂ ಇದ್ದಾರೆ. ಒಫ್ಚಾರಿಯ ಮಾತು ಮೇಲೆ ಬಂತು. ವಿಲ್ಕೊವಿಯೆ ಎಂದರೆ ತೋಳ ಊಳಿಡುವ ಜಾಗ.

ಪ್ರ: ‘ಪೋಲಿಷ್ ಡ್ರಾಟ್ಸ್’ ಎಂದರೆ ಯಾವುದು? ಮಾಮೂಲಿ ಚೆಸ್ ಬೋರ್ಡಿನಲ್ಲಿ ಆಡಬಹುದೇ? — ಓದುಗರು, ಹುಬ್ಬಳ್ಳಿ

ಉ: ಆಡಲಾಗದು. ಅದಕ್ಕೆ ಹತ್ತಕ್ಕೆ ಹತ್ತು, ನೂರು ಮನೆ ಬೇಕು, ತಲಾ 20 ಕಾಯಿ. ಪೋಲಿಷ್‌ನಲ್ಲಿ ಈ ಬಗೆಯ ಆಟಕ್ಕೆಲ್ಲ ‘ವಾರ್ತ್ಸಾಬಿ’ ಎಂದು ಹೆಸರು. ಊರುಗಳಂತೆ ಇದೂ ಬಹುವಚನ. ಜರ್ಮನ್‌ನಿಂದ ಚೆಕ್ ಮೂಲಕ ಬಂದ ಈ ಮಾತಿನ ಮೂಲಾರ್ಥ ದಾಳ ಎಸೆದು ಆಡುವ ಮಣೆ. ಇಂದಿನ ಆಟದಲ್ಲಿ ದಾಳವೇ ಇಲ್ಲ.

ಬೋರ್ಡು ಇಡುವಾಗ ಇಬ್ಬರ ಎಡಗೈ ಮೂಲೆಯಲ್ಲೂ ಕಪ್ಪು ಮನೆ ಇರಬೇಕು. ಕಾಯಿ ನಡೆಯುವುದು ಮುಂದಕ್ಕೆ, ಹೊಡೆಯುವುದು ಹಿಂದಕ್ಕೂ ಉಂಟು. ಹೊಡೆಯಲು ಬಂದರೆ ಹೊಡೆಯಲೇಬೇಕು, ಎರಡು ದಾರಿ ಇದ್ದರೆ ಹೆಚ್ಚು ಕಾಯಿ ಸಿಗುವ ದಾರಿಯಲ್ಲೇ. ಹೊಡೆದ ಕಾಯಿಗಳನ್ನು ಪೂರ್ತಿ ಹಾರಿ ಮುಗಿಸಿದ ಮೇಲೆ ಒಟ್ಟಿಗೆ ಎತ್ತಬೇಕು, ಹಾರುತ್ತಾ ಎತ್ತಿದರೆ ಇಲ್ಲದ ದಾರಿ ತೆರೆದುಕೊಂಡು ಆಟ ಕೆಡುತ್ತದೆ. ಕೊನೆಯ ಸಾಲಿನಲ್ಲಿ ನಿಂತ ಕಾಯಿ ‘ದಾಮ್ಕಾ’ ಆಗುತ್ತದೆ, ಓರೆಯಾಗಿ ಎಷ್ಟು ದೂರ ಬೇಕಾದರೂ ಓಡುತ್ತದೆ. ಹೊಡೆಯುತ್ತಾ ಆ ಸಾಲನ್ನು ಮುಟ್ಟಿ ಮತ್ತೆ ಹೊರಬಂದರೆ ಆಗುವುದಿಲ್ಲ. (ಹೆಂಗಸರ ಸೈಕಲ್ಲಿಗೂ ಅಲ್ಲಿ ದಾಮ್ಕಾ ಎಂದೇ ಹೆಸರು.)

ಪ್ರ: 30 ಮಕ್ಕಳಿಗೆ ಒಂದು ಪೀರಿಯಡ್‌ನಲ್ಲಿ ಇವುಗಳಲ್ಲಿ ಯಾವುದನ್ನು ಕಲಿಸಬಹುದು? ಖರ್ಚು ಮಾಡುವಂತಿಲ್ಲ. — ಶಿಕ್ಷಕಿ, ಕೊಪ್ಪಳ

ಉ: ತೋಳ-ಕುರಿ. 15 ಜೋಡಿಗೆ ಒಟ್ಟು 75 ಕಾಯಿ ಸಾಕು: 60 ಹುಣಸೆಬೀಜ, 15 ಬೆಣಚುಕಲ್ಲು. ಗಣಿತದ ಚೌಕಳಿ ಪುಸ್ತಕದ ಹಾಳೆಯಲ್ಲಿ ಎರಡೆರಡು ಚೌಕ ಸೇರಿಸಿ ಒಂದು ಮನೆ ಮಾಡಿ, ಎಂಟಕ್ಕೆ ಎಂಟು ಬರೆಸಿ, ಕಪ್ಪು ಮನೆಗಳಿಗೆ ಪೆನ್ಸಿಲ್ ಗೀಚಿಸಿದರೆ ಬೋರ್ಡು ತಯಾರು. ಒಂದು ಆಟವಾದ ಮೇಲೆ ತೋಳ-ಕುರಿ ಅದಲುಬದಲು ಮಾಡಿಸಿ, ಇಲ್ಲದಿದ್ದರೆ ಎಲ್ಲರಿಗೂ ತೋಳವೇ ಬೇಕು. ನೇಗಿಲಿನ ಗುಟ್ಟನ್ನು ಮೊದಲೇ ಹೇಳಬೇಡಿ, ಮೂರನೇ ಆಟದ ಹೊತ್ತಿಗೆ ಯಾರಾದರೊಬ್ಬರು ತಾವೇ ಕಂಡುಕೊಳ್ಳುತ್ತಾರೆ.

ಮ್ವಿನೆಕ್‌ಗೆ 15 ಮಣೆಗೆ 270 ಕಾಯಿ ಬೇಕು, ಇಡುವ ಹಂತವೇ ಕಾಲು ಗಂಟೆ ನುಂಗೀತು. ಅದನ್ನು ಎರಡು ಪೀರಿಯಡ್ ಒಟ್ಟಿಗೆ ಸಿಕ್ಕ ದಿನಕ್ಕೆ ಇಟ್ಟುಕೊಳ್ಳಿ.